ಫರ್ಲಾಂಗ್ ಅಂದ್ರೆ ಎಷ್ಟು ದೂರ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಜಮೀನು ಪತ್ರದಲ್ಲಿ, ಅಜ್ಜ ಹೇಳುವ ದಾರಿಯಲ್ಲಿ, ಕುದುರೆ ರೇಸಿನ ಸುದ್ದಿಯಲ್ಲಿ ಫರ್ಲಾಂಗ್ ಇನ್ನೂ ಎದುರಾಗುತ್ತಲೇ ಇರುತ್ತದೆ. ಶಾಲೆಯಲ್ಲಿ ಮಾತ್ರ ಇದನ್ನು ಕಲಿಸುವುದು ನಿಂತು ಬಹಳ ಕಾಲವಾಯಿತು. ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಇಲ್ಲಿ ಸೇರಿಸಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವಂಥವು ಕೊನೆಗೆ.

## ಮೊದಲ ಪರಿಚಯ

ಒಂದು ಫರ್ಲಾಂಗ್ ಅಂದ್ರೆ ಎಷ್ಟು ಮೀಟರ್?

ಸರಿಯಾಗಿ ಹೇಳಬೇಕೆಂದರೆ 201.168 ಮೀಟರ್. ಬಾಯಿಲೆಕ್ಕಕ್ಕೆ 200 ಅಂದುಕೊಳ್ಳಿ, ಏನೂ ಮೋಸವಿಲ್ಲ. ಅಡಿಯಲ್ಲಿ 660, ಗಜದಲ್ಲಿ 220. ಎಂಟು ಫರ್ಲಾಂಗ್ ಸೇರಿದರೆ ಒಂದು ಮೈಲಿ. ಐದು ಫರ್ಲಾಂಗ್ ಅಂದರೆ ಹೆಚ್ಚೂಕಡಿಮೆ ಒಂದು ಕಿಲೋಮೀಟರ್. ಆರು ಮೀಟರಿನಷ್ಟು ಮಾತ್ರ ಜಾಸ್ತಿ ಬರುತ್ತದೆ.

ಲೆಕ್ಕ ಬೇಡ, ಕಣ್ಣಿಗೆ ಕಾಣೋ ಹಾಗೆ ಹೇಳಿ

ಕ್ರಿಕೆಟ್ ಪಿಚ್ ನೋಡಿದ್ದೀರಲ್ಲ? ಆ ಕಡೆ ವಿಕೆಟ್‌ನಿಂದ ಈ ಕಡೆ ವಿಕೆಟ್‌ಗೆ 22 ಗಜ. ಅಂಥ ಹತ್ತು ಪಿಚ್ ಒಂದರ ಹಿಂದೆ ಒಂದು ಹಾಸಿದರೆ ಸರಿಯಾಗಿ ಒಂದು ಫರ್ಲಾಂಗ್. ಇದು ಕಾಕತಾಳೀಯವಲ್ಲ. ಪಿಚ್‌ನ ಉದ್ದ ಅಂದರೆ ಇಂಗ್ಲೆಂಡಿನ ಭೂಮಾಪಕರ ಒಂದು ಸರಪಳಿ. ಹತ್ತು ಸರಪಳಿಗೆ ಒಂದು ಫರ್ಲಾಂಗ್. ಸಾಧಾರಣ ನಡಿಗೆಯಲ್ಲಿ ಎರಡೂವರೆ ನಿಮಿಷದ ದಾರಿ.

ಫರ್ಲಾಂಗ್, ಫರ್ಲಾಂಗು, ಪರ್ಲಾಂಗು... ಯಾವುದು ಸರಿ?

ಮೂರೂ ಕೇಳಿಬರುತ್ತವೆ. ಬರೆಯುವಾಗ ಮೊದಲ ಎರಡರಲ್ಲಿ ಒಂದನ್ನು ಹಿಡಿದುಕೊಂಡು ಅದನ್ನೇ ಕೊನೆವರೆಗೂ ಬಳಸಿ. ಸಂಖ್ಯೆಯ ಮುಂದೆ ‘ಗಳು’ ಹಚ್ಚಬೇಡಿ. ‘ಮೂರು ಮೈಲಿ’ ಅನ್ನುವ ಹಾಗೆ ‘ಮೂರು ಫರ್ಲಾಂಗ್’ ಅಂದರೆ ಸಾಕು. ‘ಮೂರು ಫರ್ಲಾಂಗ್‌ಗಳ ದೂರ’ ಅಂತ ಬರೆದರೆ ಸರ್ಕಾರಿ ಸುತ್ತೋಲೆ ಓದಿದ ಹಾಗಾಗುತ್ತದೆ.

ಇಂಗ್ಲಿಷ್ ಪದ ಅನ್ನೋದು ಗೊತ್ತು. ಹುಟ್ಟಿದ್ದು ಹೇಗೆ?

ಹೊಲದಲ್ಲಿ. ಹಳೆಯ ಇಂಗ್ಲಿಷಿನ ‘ಫುರ್’ ಅಂದರೆ ನೇಗಿಲ ಸಾಲು, ‘ಲಾಂಗ್’ ಅಂದರೆ ಉದ್ದ. ಒಂದು ಸಾಲಿನಷ್ಟು ಉದ್ದ ಅಂತಲೇ ಹೆಸರು. ಎತ್ತುಗಳು ದಣಿವಾರಿಸಿಕೊಳ್ಳದೆ ಒಂದೇ ಸಮನೆ ಎಳೆಯಬಲ್ಲ ದೂರ ಅದು ಅಂತ ಹೇಳಿಕೊಂಡು ಬಂದಿದ್ದಾರೆ.

ನಮ್ಮ ಕಡೆ ಒಂದು ಜೊತೆ ಎತ್ತು ಕಟ್ಟಿ ಹಗುರ ಮರದ ನೇಗಿಲಿನಲ್ಲಿ ಉಳುತ್ತಿದ್ದರು. ಹೊಲದ ತುದಿ ಬಂದರೆ ಹೊಯ್ ಅಂತ ತಿರುಗಿಸಿದರೆ ಆಯಿತು. ಮಧ್ಯಯುಗದ ಇಂಗ್ಲೆಂಡಿನ ಜಿಗುಟು ಮಣ್ಣಿಗೆ ಅದು ಸಾಲದು. ಅಲ್ಲಿ ಭಾರದ ನೇಗಿಲು, ಅದಕ್ಕೆ ಎಂಟರವರೆಗೂ ಎತ್ತು. ಅಷ್ಟು ಉದ್ದದ ಎತ್ತಿನ ಸಾಲನ್ನು ತಿರುಗಿಸುವುದೇ ದೊಡ್ಡ ಕೆಲಸ. ಹಾಗಾಗಿ ತಿರುಗಿಸುವುದು ಆದಷ್ಟು ಕಡಿಮೆಯಾಗಲಿ ಅಂತ ಹೊಲಗಳನ್ನು ಉದ್ದಕ್ಕೆ, ಪಟ್ಟಿ ಪಟ್ಟಿಯಾಗಿ ಮಾಡಿಕೊಂಡರು.

ಇಂಗ್ಲೆಂಡಿನ ಮಧ್ಯಭಾಗದ ಹುಲ್ಲುಗಾವಲುಗಳಲ್ಲಿ ಆ ಪಟ್ಟಿಗಳ ಗುರುತು ಈಗಲೂ ಏರುತಗ್ಗಾಗಿ ಕಾಣುತ್ತದೆ. ಬಿಸಿಲು ಓರೆಯಾಗಿ ಬಿದ್ದಾಗ ಇನ್ನೂ ಚೆನ್ನಾಗಿ ಕಾಣುತ್ತದೆ. ಸಾಲುಗಳು ನೆಟ್ಟಗಿರುವುದಿಲ್ಲ, ಎರಡು ತುದಿಯಲ್ಲೂ ಸ್ವಲ್ಪ ಬಾಗಿರುತ್ತವೆ. ಮುಂದಿನ ಎತ್ತುಗಳು ಬದು ಮುಟ್ಟುವ ಮೊದಲೇ ಉಳುವವನು ತಿರುವಿಗೆ ತಯಾರಾಗುತ್ತಿದ್ದ, ಅದಕ್ಕೇ ಆ ಬಾಗು.

ಎಂಟು ಫರ್ಲಾಂಗಿಗೆ ಒಂದು ಮೈಲಿ, 5,280 ಅಡಿ. ಯಾರಪ್ಪ ಮಾಡಿದ್ದು ಇದನ್ನ?

ತಪ್ಪು ಮೈಲಿಯದ್ದು, ಫರ್ಲಾಂಗಿನದ್ದಲ್ಲ! ರೋಮನ್ನರ ಮೈಲಿ ಅಂದರೆ ಸಾವಿರ ಜೋಡಿಹೆಜ್ಜೆ, ಒಟ್ಟು 5,000 ಅಡಿ. ಲೆಕ್ಕಕ್ಕೆ ಸುಲಭ. ಆದರೆ ಇಂಗ್ಲೆಂಡಿನಲ್ಲಿ ಜಮೀನಿನ ಅಳತೆಯೆಲ್ಲ ಫರ್ಲಾಂಗಿನ ಮೇಲೆ ನಿಂತಿತ್ತು. ಅದನ್ನು ಮುಟ್ಟಿದರೆ ಊರೂರಿನ ಎಕರೆ, ಗಡಿ, ಕಂದಾಯ ಎಲ್ಲ ಕಲಸಿಹೋಗುತ್ತದೆ. ಹಾಗಾಗಿ ಮೈಲಿಯನ್ನೇ ಹಿಗ್ಗಿಸಿದರು. 660ನ್ನು ಎಂಟರಿಂದ ಗುಣಿಸಿ, 5,280 ಬರುತ್ತದೆ.

ಕಾನೂನಿಗೆ ಇದು ಬಂದಿದ್ದು 1593ರಲ್ಲಿ, ಒಂದನೇ ಎಲಿಜಬೆತ್ ರಾಣಿಯ ಕಾಲದಲ್ಲಿ. ತಮಾಷೆ ಅಂದರೆ ಆ ಕಾಯ್ದೆ ಅಳತೆಯ ಬಗ್ಗೆ ಮಾಡಿದ್ದೇ ಅಲ್ಲ. ಲಂಡನ್ ಸುತ್ತ ಮೂರು ಮೈಲಿಯೊಳಗೆ ಹೊಸ ಮನೆ ಕಟ್ಟುವುದನ್ನು ತಡೆಯಲು ಮಾಡಿದ್ದು. ತಡೆಯಬೇಕು ಅಂದ ಮೇಲೆ ಮೈಲಿ ಎಷ್ಟು ಅಂತ ಹೇಳಲೇಬೇಕಲ್ಲ, ಹಾಗೆ ಅದರೊಳಗೆ ಸೇರಿಸಿದರು.

## ದಾರಿ, ಕಲ್ಲು, ಮಾತು

ನಮ್ಮ ತಾತ ‘ಇಲ್ಲೇ ಎರಡು ಫರ್ಲಾಂಗ್’ ಅಂತಾರೆ, ನಡೆದ್ರೆ ಮುಗಿಯೋದೇ ಇಲ್ಲ. ಯಾಕೆ?

ತಾತ ಟೇಪು ಹಿಡಿದು ಹೇಳುತ್ತಿಲ್ಲ. ಮಾತಿನಲ್ಲಿ ಬರುವ ‘ಎರಡು ಫರ್ಲಾಂಗ್’ ಅಂದರೆ ‘ಗಾಡಿ ಬೇಡ, ನಡೆದೇ ಹೋಗಬಹುದು’ ಅಂತ ಅರ್ಥ. ಮೂರು ಸಲ ‘ಇಲ್ಲೇ’ ಅಂದರಂತೂ ಅರ್ಧ ಮೈಲಿಗೆ ತಯಾರಾಗಿ.

ನಮ್ಮಲ್ಲಿ ಹತ್ತಿರದ್ದಕ್ಕೆ ಮಾರು ಇತ್ತು, ಕೂಗಳತೆ ಇತ್ತು. ದೂರಕ್ಕೆ ಹರದಾರಿ, ಗಾವುದ ಇತ್ತು. ಕೂಗಿದರೆ ಕೇಳಿಸದಷ್ಟು ದೂರ, ಆದರೆ ಬುತ್ತಿ ಕಟ್ಟಿಕೊಳ್ಳುವಷ್ಟೂ ಅಲ್ಲ ಅನ್ನುವ ನಡುವಿನ ಜಾಗಕ್ಕೆ ಫರ್ಲಾಂಗ್ ಸರಿಯಾಗಿ ಕೂತಿತು. ಇಷ್ಟು ದಿನ ಬಾಯಲ್ಲಿ ಉಳಿದಿರುವುದು ಅದಕ್ಕೇ ಅಂತ ನನ್ನ ಅನಿಸಿಕೆ. ‘ನಾನೂರು ಮೀಟರ್’ ಅಂದರೆ ಮೊಬೈಲಿನ ದನಿ ನೆನಪಾಗುತ್ತದೆ. ‘ಎರಡು ಫರ್ಲಾಂಗ್’ ಅಂದರೆ ಆಲದ ಮರದ ಹತ್ತಿರ ತಿರುಗಿಕೋ ಅನ್ನುವುದೂ ಅದರ ಹಿಂದೆಯೇ ಬರುತ್ತದೆ.

ರಸ್ತೆ ಬದಿಯಲ್ಲಿ ಫರ್ಲಾಂಗ್ ಕಲ್ಲು ಇರ್ತಿತ್ತಂತೆ. ಈಗ ಎಲ್ಲಿ ಹೋಯ್ತು?

ಮೈಲಿಗಲ್ಲುಗಳ ನಡುವೆ ಒಂದರಿಂದ ಏಳರವರೆಗೆ ಅಂಕಿ ಹಾಕಿದ ಚಿಕ್ಕ ಕಲ್ಲುಗಳು ಇರುತ್ತಿದ್ದವು. ಎಂಟನೆಯದು ಮುಂದಿನ ಮೈಲಿಗಲ್ಲೇ. ರಸ್ತೆ ರಿಪೇರಿಯವರು ‘ಹದಿನಾಲ್ಕನೇ ಮೈಲಿ, ಮೂರನೇ ಫರ್ಲಾಂಗ್’ ಅಂದರೆ ಜಾಗ ಎಲ್ಲಿ ಅಂತ ಎಲ್ಲರಿಗೂ ಗೊತ್ತಾಗುತ್ತಿತ್ತು.

ಮೆಟ್ರಿಕ್ ಬಂದ ಮೇಲೆ ಮೈಲಿಗಲ್ಲು ಕಿಲೋಮೀಟರ್ ಕಲ್ಲಾಯಿತು. ಫರ್ಲಾಂಗ್ ಕಲ್ಲು ಏನಾಯಿತು ಗೊತ್ತಾ? ಮುಂದಿನ ಸಲ ಹೆದ್ದಾರಿಯಲ್ಲಿ ಹೋಗುವಾಗ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಗಮನ ಇಟ್ಟು ನೋಡಿ. ಮೊಣಕಾಲೆತ್ತರದ ಪುಟ್ಟ ಕಲ್ಲುಗಳು, ಮೇಲೆ ಬರೀ 2, 4, 6, 8 ಅಂತ ಅಂಕಿ. ರಸ್ತೆಗಳ ಮಾನದಂಡ ಗೊತ್ತು ಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇವಕ್ಕೆಂದೇ ಒಂದು ಮಾದರಿ ಗೊತ್ತು ಮಾಡಿದೆ. ಪ್ರತಿ 200 ಮೀಟರಿಗೆ ಒಂದು ಕಲ್ಲು. ನೂರು ಮೀಟರಿಗೆ ಇಡಬಹುದಿತ್ತು, ಕಾಲು ಕಿಲೋಮೀಟರಿಗೆ ಇಡಬಹುದಿತ್ತು. ಉಳಿದದ್ದು ಮಾತ್ರ ಫರ್ಲಾಂಗಿಗೆ ಒಂದೇ ಮೀಟರ್ ಕಮ್ಮಿಯಾದ ದೂರ. ಹೆಸರು ಹೋದರೂ ಅಂತರ ಹೆಚ್ಚೂಕಡಿಮೆ ಅದೇ.

ಭಾರತದಲ್ಲಿ ಇದು ಅಧಿಕೃತವಾಗಿ ಯಾವಾಗ ನಿಂತಿತು?

1956ರಲ್ಲಿ ಅಳತೆ ಮತ್ತು ತೂಕದ ಕಾಯ್ದೆ ಬಂತು. 1958ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಮೆಟ್ರಿಕ್ ಜಾರಿಯಾಯಿತು. ಈಗ ನಡೆಯುತ್ತಿರುವುದು 2009ರ ಲೀಗಲ್ ಮೆಟ್ರಾಲಜಿ ಕಾಯ್ದೆ. ಅದರಲ್ಲೂ ಮೆಟ್ರಿಕ್ ಅಳತೆಯೇ.

ಹಳೇ ಕಾಗದದಲ್ಲಿ ‘3 ಮೈ. 5 ಫ.’ ಅಂತ ಇದೆ. ಕಿಲೋಮೀಟರ್ ಮಾಡೋದು ಹೇಗೆ?

ಮೊದಲು ಎಲ್ಲವನ್ನೂ ಫರ್ಲಾಂಗ್ ಮಾಡಿಕೊಳ್ಳಿ. ಮೂರು ಮೈಲಿಗೆ 24, ಅದಕ್ಕೆ 5 ಸೇರಿಸಿದರೆ 29. ಐದರಿಂದ ಭಾಗಿಸಿ, 5.8 ಕಿಲೋಮೀಟರ್. ಕ್ಯಾಲ್ಕುಲೇಟರ್ ಹಿಡಿದರೆ 5.834 ಬರುತ್ತದೆ. ವ್ಯತ್ಯಾಸ ನೂರಕ್ಕೆ ಅರ್ಧದಷ್ಟು, ದಾರಿಯ ಲೆಕ್ಕಕ್ಕೆ ಏನೇನೂ ಅಲ್ಲ. ಗಡಿ ತಕರಾರಿನ ವಿಷಯವಾದರೆ ಮಾತ್ರ 201.168 ಹಿಡಿದೇ ಗುಣಿಸಿ.

ಹೊಸ ಪತ್ರ ಮಾಡಿಸುವಾಗ ‘ಕೆರೆ ಏರಿಯಿಂದ ಎರಡು ಫರ್ಲಾಂಗ್’ ಅಂತ ಬರೆಸಬಹುದಾ?

ಬರೆಸದಿರುವುದೇ ಒಳ್ಳೆಯದು. ಮಾತಿನ ಫರ್ಲಾಂಗ್ ಎಷ್ಟು ಹಿಗ್ಗುತ್ತದೆ ಅಂತ ಮೇಲೆ ನೋಡಿದ್ದೇವೆ. ಅದನ್ನು ನಂಬಿ ಮುಂದೆ ಮಕ್ಕಳು ಕೋರ್ಟಿಗೆ ಅಲೆಯುವುದು ಬೇಡ. ಸರ್ವೆ ನಂಬರ್, ಚಕ್ಕುಬಂದಿ ಮತ್ತು ಮೀಟರ್ ಅಥವಾ ಅಡಿ ಲೆಕ್ಕ ಸ್ಪಷ್ಟವಾಗಿರಲಿ. ಹಳೇ ಪತ್ರದ ಮಾತನ್ನು ಹಾಗೇ ಉಳಿಸಬೇಕಾಗಿ ಬಂದರೆ ಅದರ ಪಕ್ಕದಲ್ಲೇ ಮೀಟರನ್ನೂ ಹಾಕಿಸಿ.

## ಜಮೀನಿನ ಲೆಕ್ಕ

ಎಕರೆಗೂ ಫರ್ಲಾಂಗಿಗೂ ಏನಾದ್ರೂ ನಂಟಿದೆಯಾ?

ಎಕರೆ ಹುಟ್ಟಿದ್ದೇ ಫರ್ಲಾಂಗಿನಿಂದ. ಒಂದು ಫರ್ಲಾಂಗ್ ಉದ್ದ, ಒಂದು ಸರಪಳಿ ಅಗಲ ಇರುವ ಪಟ್ಟಿಯೇ ಒಂದು ಎಕರೆ. ಒಂದು ದಿನಕ್ಕೆ ಉಳಬಹುದಾದ ನೆಲ ಅಂತ ಅದರ ಹಿಂದಿನ ಎಣಿಕೆ. 660 ಅಡಿಗೆ 66 ಅಡಿ ಗುಣಿಸಿ, 43,560 ಚದರ ಅಡಿ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂತ ಸೈಟು ಕೊಳ್ಳುವವರೆಲ್ಲ ಕೇಳುತ್ತಾರಲ್ಲ, ಇಲ್ಲಿಂದಲೇ ಬಂದಿದ್ದು. ಅದನ್ನು 40 ಪಾಲು ಮಾಡಿದರೆ 1,089 ಚದರ ಅಡಿ, ಅಂದರೆ ನಮ್ಮ ಗುಂಟೆ.

ಈಗಿನ ಎಕರೆ ಯಾವ ಆಕಾರದಲ್ಲಾದರೂ ಇರಬಹುದು. ಆದರೆ ಬೇಲಿ ಹಾಕುವವರು ಒಂದು ಲೆಕ್ಕ ನೋಡಿಕೊಳ್ಳಿ. ಚೌಕಾಕಾರದ ಎಕರೆಯ ಸುತ್ತಳತೆ ಸುಮಾರು 835 ಅಡಿ. ಹಳೇ ಇಂಗ್ಲಿಷ್ ಪಟ್ಟಿಯಂತಿದ್ದರೆ 1,452 ಅಡಿ. ನೆಲ ಅಷ್ಟೇ, ಕಲ್ಲುಕಂಬ ಮತ್ತು ತಂತಿಯ ಖರ್ಚು ಮಾತ್ರ ಮುಕ್ಕಾಲು ಪಾಲು ಜಾಸ್ತಿ.

ಒಂದು ಫರ್ಲಾಂಗ್ ಉದ್ದ, ಒಂದು ಫರ್ಲಾಂಗ್ ಅಗಲ ಇದ್ರೆ ಎಷ್ಟು ಎಕರೆ?

ಸರಿಯಾಗಿ ಹತ್ತು. ಚದರ ಮೈಲಿಯಲ್ಲಿ ಇಂಥ 64 ಚೌಕ ಕೂರುತ್ತವೆ, ಅದಕ್ಕೇ ಒಂದು ಚದರ ಮೈಲಿಗೆ 640 ಎಕರೆ.

ಸರಪಳಿ 66 ಅಡಿ ಅಂತೀರಿ, ನಮ್ಮ ಸರ್ವೆಯವರು 33 ಅಡಿ ಅಂತಾರೆ. ಯಾರು ಸರಿ?

ಇಬ್ಬರೂ. 66 ಅಡಿಯದ್ದು ಎಡ್ಮಂಡ್ ಗಂಟರ್ ಅನ್ನುವ ಇಂಗ್ಲಿಷ್ ಗಣಿತಜ್ಞ 1620ರಲ್ಲಿ ತಂದದ್ದು. ಅದರಲ್ಲಿ 100 ಕೊಂಡಿ. ಒಂದೊಂದು 7.92 ಅಂಗುಲ. ಯಾಕೆ ಈ ಅಡ್ಡಾದಿಡ್ಡಿ ಕೊಂಡಿ? ಎಕರೆ ಲೆಕ್ಕ ಹತ್ತರಲ್ಲಿ ಬರಲಿ ಅಂತ. ಉದ್ದ ಎಷ್ಟು ಸರಪಳಿ, ಅಗಲ ಎಷ್ಟು ಸರಪಳಿ ಅಂತ ಗುಣಿಸಿ, ಹತ್ತರಿಂದ ಭಾಗಿಸಿದರೆ ಎಕರೆ ಸಿದ್ಧ. ಅಡಿಯಲ್ಲಿ ಅಳೆದು 43,560ರಿಂದ ಭಾಗಿಸುವ ಕಷ್ಟವೇ ಇಲ್ಲ. ಮೆಟ್ರಿಕ್ ಹುಟ್ಟುವುದಕ್ಕೆ ಒಂದೂಮುಕ್ಕಾಲು ಶತಮಾನ ಮೊದಲೇ ಗಂಟರ್ ಜಮೀನಿನ ಲೆಕ್ಕಕ್ಕೆ ದಶಮಾನ ತಂದುಬಿಟ್ಟಿದ್ದ. ಒಳ್ಳೇ ತಲೆ!

ಆ ಸರಪಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಎರಡು ತುದಿಗೂ ಹಿತ್ತಾಳೆ ಹಿಡಿ. ಪ್ರತಿ ಹತ್ತು ಕೊಂಡಿಗೆ ಒಂದು ಹಿತ್ತಾಳೆ ಬಿಲ್ಲೆ. ಹತ್ತಕ್ಕೆ ಒಂದು ಹಲ್ಲು, ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು, ನಲವತ್ತಕ್ಕೆ ನಾಲ್ಕು, ಐವತ್ತಕ್ಕೆ ದುಂಡನೆಯದು. ಅಲ್ಲಿಂದ ಮತ್ತೆ ಇಳಿಕೆ. ಯಾವ ತುದಿಯಿಂದ ಬೇಕಾದರೂ ಅಳೆಯಬಹುದು ಅನ್ನುವ ಅನುಕೂಲ. ಅದರ ಜೊತೆಗೇ ಒಂದು ಅಪಾಯ: 40ರ ಬಿಲ್ಲೆಯೂ 60ರ ಬಿಲ್ಲೆಯೂ ಒಂದೇ ಥರ. ದುಂಡು ಬಿಲ್ಲೆ ಯಾವ ಕಡೆ ಉಳಿಯಿತು ಅಂತ ನೋಡದೆ ಬರೆದರೆ ಇಪ್ಪತ್ತು ಕೊಂಡಿ, ಅಂದರೆ ಹದಿಮೂರು ಅಡಿಗಿಂತ ಜಾಸ್ತಿ ತಪ್ಪಾಗುತ್ತದೆ.

ನಮ್ಮ ಕಡೆಯ ಸರ್ವೆಯಲ್ಲಿ ರೂಢಿಗೆ ಬಂದ ಸರಪಳಿ ಇದರ ಅರ್ಧ, 33 ಅಡಿ. ಅದಕ್ಕೆ ಕೊಂಡಿ ಲೆಕ್ಕವಲ್ಲ, ಹದಿನಾರು ಆಣೆ ಲೆಕ್ಕ. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದ ಬುದ್ಧಿ ಅದು. 33 ಅಡಿ ಉದ್ದ, 33 ಅಡಿ ಅಗಲ ಅಂದರೆ ಒಂದು ಗುಂಟೆ, ಅಲ್ಲಿಗೆ ಲೆಕ್ಕ ಮುಗಿಯಿತು. ಈ ಸರಪಳಿ ಇಪ್ಪತ್ತು ಸಲ ಹಾಕಿದರೆ ಒಂದು ಫರ್ಲಾಂಗ್. ಹಳೇ ಸರ್ವೆ ದಾಖಲೆ ಓದುವಾಗ ಸರಪಳಿ ಯಾವುದು ಅಂತ ಮೊದಲು ವಿಚಾರಿಸಿ. ಇಲ್ಲದಿದ್ದರೆ ಉದ್ದ ಎರಡರಷ್ಟಾಗಿ, ಜಮೀನು ಕಾಗದದ ಮೇಲೆ ನಾಲ್ಕರಷ್ಟಾಗುತ್ತದೆ.

## ಕುದುರೆ ಮತ್ತು ಓಟ

ರೇಸಿನವರು ಇನ್ನೂ ಫರ್ಲಾಂಗ್ ಯಾಕೆ ಹಿಡ್ಕೊಂಡಿದ್ದಾರೆ?

ಬ್ರಿಟನ್, ಐರ್ಲೆಂಡ್, ಅಮೆರಿಕಗಳಲ್ಲಿ ಕುದುರೆ ಓಟದ ದೂರವನ್ನು ಈಗಲೂ ಮೈಲಿ ಮತ್ತು ಫರ್ಲಾಂಗಿನಲ್ಲೇ ಹೇಳುತ್ತಾರೆ. ಅಮೆರಿಕದ ಹೆಸರಾಂತ ಓಟ ಕೆಂಟಕಿ ಡರ್ಬಿ ಹತ್ತು ಫರ್ಲಾಂಗ್. ಇಂಗ್ಲೆಂಡಿನ ಎಪ್ಸಮ್ ಡರ್ಬಿ ಹನ್ನೆರಡರ ಮೇಲೆ ಕೆಲವೇ ಗಜ. ಅಲ್ಲಿಯ ಕಾರ್ಡಿನಲ್ಲಿ ‘5ಎಫ್’ ಅಂತ ಕಂಡರೆ ಐದು ಫರ್ಲಾಂಗ್ ಅಂತ ಓದಿಕೊಳ್ಳಿ.

ಹಳೇ ಅಭ್ಯಾಸ ಅಂತ ತಳ್ಳಿಹಾಕಬೇಡಿ, ಅದರಲ್ಲಿ ಅನುಕೂಲ ಇದೆ. ಒಳ್ಳೇ ಕುದುರೆ ಒಂದು ಫರ್ಲಾಂಗಿಗೆ ಹೆಚ್ಚೂಕಡಿಮೆ ಹನ್ನೆರಡು ಸೆಕೆಂಡ್ ತೆಗೆದುಕೊಳ್ಳುತ್ತದೆ. ಈ ಒಂದು ಸಂಖ್ಯೆ ಬಾಯಲ್ಲಿದ್ದರೆ ಸ್ಟಾಪ್‌ವಾಚ್ ನೋಡುತ್ತಲೇ ಓಟದ ವೇಗ ಗೊತ್ತಾಗಿಬಿಡುತ್ತದೆ. 1973ರಲ್ಲಿ ಸೆಕ್ರೆಟೇರಿಯಟ್ ಅನ್ನುವ ಕುದುರೆ ಅಮೆರಿಕದ ಬೆಲ್ಮಾಂಟ್ ಸ್ಟೇಕ್ಸ್ ಓಟದ ಹನ್ನೆರಡು ಫರ್ಲಾಂಗನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿತು. ಭಾಗಿಸಿ ನೋಡಿ, ಫರ್ಲಾಂಗಿಗೆ ಸರಿಯಾಗಿ ಹನ್ನೆರಡು. ಅಷ್ಟು ದೂರ ಆ ವೇಗ ಹಿಡಿದಿಟ್ಟುಕೊಂಡದ್ದೇ ಅದರ ಹೆಚ್ಚುಗಾರಿಕೆ.

ಬೆಂಗಳೂರು, ಮೈಸೂರು ರೇಸಲ್ಲಿ 1200, 1400 ಮೀಟರ್ ಅಂತಾರಲ್ಲ?

ಹೌದು, ಭಾರತದಲ್ಲಿ ರೇಸು ಮೀಟರಿಗೆ ಬಂದಿದೆ. ಆದರೆ ಆ ಸಂಖ್ಯೆಗಳನ್ನು ಸಾಲಾಗಿ ನೋಡಿ: 1000, 1200, 1400, 1600, 2000, 2400. ಎಲ್ಲವೂ ಇನ್ನೂರರ ಲೆಕ್ಕ. ಐದು, ಆರು, ಏಳು, ಎಂಟು, ಹತ್ತು, ಹನ್ನೆರಡು ಫರ್ಲಾಂಗನ್ನೇ ಉರುಟು ಮಾಡಿ ಮೀಟರಿನ ಅಂಗಿ ತೊಡಿಸಿದ್ದಾರೆ. ಹನ್ನೆರಡು ಫರ್ಲಾಂಗ್ ನಿಜಕ್ಕೂ 2,414 ಮೀಟರ್. ಹಾಗಾಗಿ ನಮ್ಮ 2,400 ಮೀಟರ್ ಡರ್ಬಿ ಹದಿನಾಲ್ಕು ಮೀಟರ್ ಗಿಡ್ಡ. ಆಸ್ಟ್ರೇಲಿಯಾದಲ್ಲೂ ಹೀಗೇ ಆಯಿತು. ಎರಡು ಮೈಲಿಯ ಮೆಲ್ಬರ್ನ್ ಕಪ್ 1972ರಿಂದ 3,200 ಮೀಟರ್ ಆಯಿತು.

ಇಂಗ್ಲಿಷ್ ಪೇಪರಲ್ಲಿ ಚುನಾವಣೆ ‘ಫೈನಲ್ ಫರ್ಲಾಂಗ್’ನಲ್ಲಿದೆ ಅಂತ ಬರೆದಿದ್ರು. ಅದೇನು?

ರೇಸಿನ ಮಾತು. ಗೆಲುವಿನ ಗೆರೆಗೆ ಉಳಿದ ಕೊನೆಯ ಇನ್ನೂರು ಮೀಟರ್. ಚುನಾವಣೆಗಾದರೆ ‘ಕೊನೇ ಘಟ್ಟ’ ಅಂತ ಕನ್ನಡ ಮಾಡಿ. ‘ಅಂತಿಮ ಫರ್ಲಾಂಗ್’ ಅಂತ ಬರೆದರೆ ಓದುವವರು ರಸ್ತೆ ಕಾಮಗಾರಿ ಅಂದುಕೊಂಡಾರು.

ಮನುಷ್ಯರ ಓಟದಲ್ಲೂ ಫರ್ಲಾಂಗ್ ಇತ್ತಾ?

ಹೆಸರು ಹೇಳುತ್ತಿರಲಿಲ್ಲ, ಅಳತೆ ಇತ್ತು. 220 ಗಜದ ಓಟ ಅಂದರೆ ಒಂದು ಫರ್ಲಾಂಗ್, 440 ಗಜ ಅಂದರೆ ಎರಡು. 1958ರಲ್ಲಿ ಕಾರ್ಡಿಫ್‌ನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಿಲ್ಖಾ ಸಿಂಗ್ ಚಿನ್ನ ಗೆದ್ದದ್ದು 440 ಗಜದ ಓಟದಲ್ಲಿ. ಇಂದಿನ 400 ಮೀಟರಿಗಿಂತ ಅದು ಎರಡು ಮೀಟರ್ ಮೂವತ್ತನಾಲ್ಕು ಸೆಂಟಿಮೀಟರ್ ಉದ್ದ. ಆ ಕಾಲದ ಗಜದ ಸಮಯವನ್ನು ಈಗಿನ ಮೀಟರ್ ಸಮಯದ ಜೊತೆ ನೇರ ಹೋಲಿಸಬಾರದು ಅನ್ನುವುದು ಇದಕ್ಕೇ.

## ಇನ್ನೂ ಸ್ವಲ್ಪ ಆಳಕ್ಕೆ

ಬೇರೆ ದೇಶಗಳ ರಸ್ತೆಯಲ್ಲಿ ಇದು ಉಳಿದಿದೆಯಾ?

ಮ್ಯಾನ್ಮಾರ್‌ನಲ್ಲಿದೆ. ಯಾಂಗೋನ್‌ನಿಂದ ಮಾಂಡಲೆಗೆ ಹೋಗುವ ಎಕ್ಸ್‌ಪ್ರೆಸ್ ಹೆದ್ದಾರಿಯ ಫಲಕಗಳಲ್ಲಿ ಮೈಲಿಯ ಜೊತೆ ಫರ್ಲಾಂಗ್ ಬರುತ್ತದೆ. ಇನ್ನು ಕೆಲವು ಕಡೆ ಫಲಕದಲ್ಲಿಲ್ಲ, ಊರಿನ ನಕ್ಷೆಯಲ್ಲಿದೆ. ಮೆಲ್ಬರ್ನ್ ನಗರದ ಹಳೇ ಭಾಗದ ಚೌಕಗಳು ಹತ್ತು ಸರಪಳಿಯವು. ಷಿಕಾಗೋದಲ್ಲಿ ಮೈಲಿಗೆ ಎಂಟು ಬ್ಲಾಕ್ (ಒಂದು ಅಡ್ಡರಸ್ತೆಯಿಂದ ಮುಂದಿನದಕ್ಕೆ ಇರುವ ದೂರ) ಅನ್ನುವುದು ಸಾಮಾನ್ಯ ಲೆಕ್ಕ. ಅಲ್ಲಿರುವ ನಮ್ಮವರು ಒಂದು ಬ್ಲಾಕ್ ನಡೆದರೆ ಗೊತ್ತಿಲ್ಲದೆಯೇ ಒಂದು ಫರ್ಲಾಂಗ್ ನಡೆದಂತೆ.

ಇಂಗ್ಲಿಷ್ ಬೈಬಲ್‌ನಲ್ಲಿ ಬರೋ ಫರ್ಲಾಂಗೂ ಇದೇನಾ?

ಅಲ್ಲ. 1611ರ ಇಂಗ್ಲಿಷ್ ಅನುವಾದದಲ್ಲಿ ಎಮ್ಮಾವು ಊರು ಜೆರುಸಲೇಮಿನಿಂದ ಅರವತ್ತು ಫರ್ಲಾಂಗ್ ಅಂತಿದೆ. ಮೂಲದಲ್ಲಿ ಇರುವುದು ಗ್ರೀಕರ ಸ್ಟೇಡಿಯಾನ್ ಅನ್ನುವ ಅಳತೆ, ಸುಮಾರು 185 ಮೀಟರ್. ಅನುವಾದಕರು ತಮ್ಮ ಜನಕ್ಕೆ ಗೊತ್ತಿದ್ದ ಹತ್ತಿರದ ಅಳತೆ ಹಾಕಿದರು. ಹಾಗಾಗಿ ಆ ದೂರ 12 ಕಿಲೋಮೀಟರ್ ಅಲ್ಲ, 11ರ ಆಸುಪಾಸು.

201.168 ಅಂತ ಒಂದು ಕಡೆ, 201.1684 ಅಂತ ಇನ್ನೊಂದು ಕಡೆ. ಯಾವುದನ್ನ ನಂಬೋದು?

ಮೊದಲನೆಯದನ್ನು. 1959ರಲ್ಲಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಸೇರಿ ಒಂದು ಗಜ ಅಂದರೆ 0.9144 ಮೀಟರ್ ಅಂತ ಒಪ್ಪಿಕೊಂಡವು. ಅದನ್ನು 220ರಿಂದ ಗುಣಿಸಿದರೆ 201.168, ಬಾಲವಿಲ್ಲದೆ ನಿಲ್ಲುತ್ತದೆ. ಎರಡನೆಯದು ಅಮೆರಿಕದ ಸರ್ವೆಯವರು ಉಳಿಸಿಕೊಂಡಿದ್ದ ಹಳೇ ಅಡಿಯ ಲೆಕ್ಕ. ಫರ್ಲಾಂಗಿಗೆ ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ ವ್ಯತ್ಯಾಸ. ಹೊಲಕ್ಕೆ ಲೆಕ್ಕಕ್ಕಿಲ್ಲ. ಸಾವಿರ ಕಿಲೋಮೀಟರಿಗೆ ಹೋದರೆ ಎರಡು ಮೀಟರ್ ತಪ್ಪುತ್ತದೆ. ಆ ಅಡಿಯನ್ನು ಅಮೆರಿಕ 2022ರ ಕೊನೆಗೆ ಕೈಬಿಟ್ಟಿತು.

‘ಫರ್ಲಾಂಗ್ ಪರ್ ಫೋರ್ಟ್‌ನೈಟ್’ ಅಂತ ಎಂಜಿನಿಯರಿಂಗ್ ಹುಡುಗರು ನಗ್ತಾರಲ್ಲ, ಏನದು?

ವೇಗದ ಅಳತೆಯ ಹೆಸರಿನಲ್ಲಿ ಮಾಡುವ ಕೀಟಲೆ. ಹದಿನಾಲ್ಕು ದಿನಕ್ಕೆ ಒಂದು ಫರ್ಲಾಂಗ್. ಮೇಷ್ಟ್ರು ‘ಯೂನಿಟ್ ಬರೀರಿ’ ಅಂತ ಪೀಡಿಸಿದರೆ ಹುಡುಗರು ಇದನ್ನು ಬರೆದು ಕೊಡುತ್ತಾರೆ. ಆದರೆ ಲೆಕ್ಕ ಹಾಕಿದರೆ ಸುಮ್ನೆ ನಗುವಂಥದ್ದಲ್ಲ. ಹದಿನಾಲ್ಕು ದಿನಕ್ಕೆ 20,160 ನಿಮಿಷ. 201.168 ಮೀಟರನ್ನು ಅದರಿಂದ ಭಾಗಿಸಿದರೆ ನಿಮಿಷಕ್ಕೆ 0.998 ಸೆಂಟಿಮೀಟರ್, ಹೆಚ್ಚೂಕಡಿಮೆ ಒಂದು ಸೆಂಟಿಮೀಟರ್!

ಈ ಕೀಟಲೆ ಕಂಪ್ಯೂಟರ್ ಒಳಗೂ ಹೋಗಿದೆ. ವಿಎಂಎಸ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಶುರುವಾಗುವಾಗ ದಿನಾಂಕ, ಸಮಯ ಕೇಳಿ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನು ಮೈಕ್ರೋಫೋರ್ಟ್‌ನೈಟ್‌ನಲ್ಲಿ ಕೊಡಬೇಕಿತ್ತು. ಅಂದರೆ ಆ ಹದಿನಾಲ್ಕು ದಿನದ ಹತ್ತು ಲಕ್ಷದಲ್ಲಿ ಒಂದು ಪಾಲು, 1.2096 ಸೆಕೆಂಡ್.